ಬಂದೂಕಿಗೊಂದು ಆರತಿ

ವಾಳಪೈ
೧೬ ಜನವರಿ ೨೦೨೫

ಪ್ರತಿಮಾ,

ನೀನು ಬಸ್ಸಿನಲ್ಲಿ ಕಳಿಸಿದ ಕುಸುರೆಳ್ಳಿನ ಡಬ್ಬಿ ನಿನ್ನೆ ಸಿಕ್ಕಿತು. ಕಂಡಕ್ಟರ್ ನಮ್ಮ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ, "ಸಾವಕಾರ, ತುಜ್ಯಾ ಭಯಣೀನ್ ಧಾಡ್ಲಾಂ" ಎಂದು ಇಡೀ ಬಜಾರಿಗೆ ಕೇಳುವಂತೆ ಕೂಗಿದ. ಹೌದಪ್ಪಾ, ತಂಗಿ ಕಳಿಸಿದ್ದಾಳೆ. ಎಳ್ಳು ಬಂತು, ತಂಗಿ ಬರಲಿಲ್ಲ. ಅವ್ವ ಮುಚ್ಚಳ ತೆಗೆದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ಪಾಕ ಗಟ್ಟಿ ಆಗೇತಿ ನೋಡು, ಸಿಟ್ಟಿನ್ಯಾಗ ಮಾಡ್ಯಾಳ" ಅಂದಳು. ಆಮೇಲೆ ಡಬ್ಬಿಯನ್ನು ತನ್ನ ಹಾಸಿಗೆಯ ಹತ್ತಿರವೇ ಇಟ್ಟುಕೊಂಡಿದ್ದಾಳೆ, ಯಾರಿಗೂ ಕೊಡುತ್ತಿಲ್ಲ.

ಫೋನು ಮಾಡಬೇಡ, ನಿನ್ನ ದನಿ ಕೇಳಿದರೆ ಜಗಳವಾಗುತ್ತದೆ ಎಂದು ನೀನೇ ಹೇಳಿದ್ದೀ. ಅದಕ್ಕೇ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬೈಲಹೊಂಗಲದ ಆಯಿಗೆ ಕಾಗದ ಬರೆಯಿರಿ ಎಂದು ಅಪ್ಪ ನಮ್ಮಿಬ್ಬರನ್ನೂ ಇದೇ ಗಲ್ಲೆಯ ಮುಂದೆ ಕೂರಿಸುತ್ತಿದ್ದನಲ್ಲ? ನೀನು ನನ್ನದನ್ನು ಪೂರಾ ನಕಲು ಮಾಡಿ, ಕೊನೆಗೆ ನನಗಿಂತ ಒಂದು ನಮಸ್ಕಾರ ಹೆಚ್ಚು ಹಾಕುತ್ತಿದ್ದೆ. ಆಯಿ ನಿನ್ನ ಕಾಗದವನ್ನೇ ಎಲ್ಲರಿಗೂ ತೋರಿಸುತ್ತಿದ್ದಳಂತೆ. ಕಳ್ಳಿ!

ದಸರೆಯಲ್ಲಿ ಖಂಡೇ ಪೂಜೆಯ ದಿನ ಅಪ್ಪನ ಬಂದೂಕಿನಿಂದ ಗುಂಡು ಹಾರಿದ್ದು ಖರೇ. ಆದರೆ ಅದು ಹಾರಿದ್ದು ಮಾಡಿಗೆ. ಒಡೆದ ಹೆಂಚುಗಳನ್ನು ಬದಲಿಸಿದ್ದೇನೆ, ಈಗ ಗುರುತೂ ಇಲ್ಲ. ನೀನು ಮಗಳನ್ನು ಎತ್ತಿಕೊಂಡು, ಉಣ್ಣದೆ, ಅವ್ವನಿಗೂ ಹೇಳದೆ ಬಸ್ಸು ಹತ್ತಿದವಳು ದೀಪಾವಳಿಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಅದೆಷ್ಟು ಸಿಟ್ಟು ಪ್ರತಿಮಾ?

ಇನ್ನೊಂದು ಸುದ್ದಿ. ಕಳೆದ ವಾರ ನಮ್ಮ ವಾಡೆಯ ಮನೆಗಳವರಿಗೆಲ್ಲ ಶಾಲೆಯಲ್ಲಿ ಸಭೆ ಇತ್ತು. ತಾಲೂಕು ಕಚೇರಿಯಿಂದ ಸಾಹೇಬರು ಬಂದಿದ್ದರು. ಬೆಳೆ ಕಾಯಲು ಪರವಾನಗಿ ಪಡೆದವರು ಇನ್ನು ಬಂದೂಕನ್ನು ಗೋಡೆಗೆ ತೂಗುಹಾಕುವಂತಿಲ್ಲವಂತೆ. ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಕಪಾಟು ಬೇಕು, ಅದಕ್ಕೆ ಕೀಲಿ ಬೇಕು. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಕೀಲಿ. ಒಪ್ಪುವವರು ಕೈ ಎತ್ತಿ ಅಂದರು. ಒಂದು ಕೈಯೂ ಏಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ನಾನು ಎದ್ದು ನಿಂತೆ. "ಸಾಹೇಬ್ರ, ನಮ್ಮ ವಾಡೇದಾಗ ಮಾಲಕ ಸತ್ತಾಗಷ್ಟ ಬಂದೂಕ ಪೆಟಗಿ ಸೇರತೈತ್ರಿ. ಜೀವಂತ ಇದ್ದಾವಂದು ಯಾರೂ ಕೀಲಿ ಹಾಕೂದಿಲ್ರಿ" ಅಂದೆ. ಜನ ಚಪ್ಪಾಳೆ ಹೊಡೆದರು.

ನಿನಗೆ ನೆನಪಿರಬೇಕು. ಅಪ್ಪ ಹೋದ ದಿನ ಪುಂಡಲೀಕ ಗಾಂವಕಾರ ಕಾಕಾ ಬಂದು, ಬಂದೂಕನ್ನು ಗೂಟದಿಂದ ಇಳಿಸಿ, ಅಪ್ಪನ ಧೋತರದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಕೀಲಿ ಹಾಕಿದ. ಅವ್ವ ಅಲ್ಲಿಯವರೆಗೆ ಅತ್ತಿರಲಿಲ್ಲ. ಕೀಲಿಯ ಸಪ್ಪಳ ಕೇಳಿ ಅತ್ತಳು. ಪರವಾನಗಿ ನನ್ನ ಹೆಸರಿಗೆ ಆದಮೇಲೆ ಅದೇ ಗೂಟಕ್ಕೆ ನಾನು ಬಂದೂಕು ಏರಿಸಿದಾಗ ಮನೆಗೆ ಮತ್ತೆ ಒಬ್ಬ ಗಂಡಸು ಬಂದ ಹಾಗಾಯಿತು ಎಂದಳು. ಈಗ ಅದನ್ನು ಇಳಿಸು ಅಂದರೆ ಹೇಗೆ ಇಳಿಸಲಿ?

ಯುಗಾದಿಗಾದರೂ ಬಾ.

ನಿನ್ನ ಅಣ್ಣ
ಗುರುಪಾದ

*

ಕುಡಚಡೆ
೯ ಫೆಬ್ರುವರಿ ೨೦೨೫

ಅಣ್ಣಾ,

ಹೆಂಚು ಬದಲಿಸಿದ್ದೇನೆ ಎಂದು ಬರೆದಿದ್ದೀ. ಭಾಳ ಚಲೋ ಮಾಡಿದೆ. ಇಲ್ಲಿ ನನ್ನ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಮಲ್ಲಿಕಾ ಎರಡೂ ಕಿವಿ ಮುಚ್ಚಿಕೊಂಡು ಹಾಸಿಗೆಯ ಕೆಳಗೆ ಹೋಗುತ್ತಾಳೆ. ನಮ್ಮ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ, ಒಂದರ ಟೈರು ಒಡೆದರೆ ಆ ದಿನ ಶಾಲೆ ಇಲ್ಲ, ಊಟ ಇಲ್ಲ. ನಾನು ಅನ್ನವನ್ನು ಪಾತ್ರೆಯಲ್ಲಿ ಬೇಯಿಸಲು ಶುರುಮಾಡಿದ್ದೇನೆ. ಅದನ್ನು ಬದಲಿಸುವ ಹೆಂಚು ಯಾವ ಅಂಗಡಿಯಲ್ಲಿ ಸಿಗುತ್ತದೆ, ಹೇಳು.

ನನಗೂ ಆ ಬಂದೂಕಿನ ಮೇಲೆ ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಗೇರು ಹಣ್ಣಾಗುವ ಕಾಲಕ್ಕೆ ಹಂದಿ ಹಿಂಡು ಇಳಿದರೆ ಅಪ್ಪ ಗುಡ್ಡದ ತುದಿಗೆ ಹೋಗಿ ಆಕಾಶಕ್ಕೆ ಒಂದು ಹಾರಿಸುತ್ತಿದ್ದ. ಆ ಸದ್ದು ಕಣಿವೆಯನ್ನೆಲ್ಲ ಸುತ್ತಿ ಬಂದ ಮೇಲೆ ಅವ್ವ "ಬಂದ್ರು" ಎಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಅಪ್ಪನ ಅಂಗಿಗೆ ಮದ್ದಿನ ವಾಸನೆ, ಗೇರುಹಣ್ಣಿನ ಹುಳಿ ವಾಸನೆ ಎರಡೂ ಇರುತ್ತಿದ್ದವು. ಘಟ್ಟದಿಂದ ಇಳಿದು ಬಂದವನು ಎಂದು ಅಪ್ಪನನ್ನು ಎಲ್ಲರೂ "ಘಾಟಿ" ಎಂದು ಕರೆಯುತ್ತಿದ್ದ ಊರಲ್ಲಿ, ಪರವಾನಗಿ ಸಿಕ್ಕ ದಿನ ಪುಂಡಲೀಕ ಕಾಕಾನ ತಂದೆಯೇ ಬಂದು ತನ್ನ ಕೈಯಾರೆ ಆ ಗೂಟ ಹೊಡೆದು, "ಆತಾಂ ತುಂ ಆಮಚೊ", ಇನ್ನು ನೀನು ನಮ್ಮವನು, ಅಂದನಂತೆ. ಅಪ್ಪ ಆ ಮಾತನ್ನು ಅದೆಷ್ಟು ಸಲ ಹೇಳಿದನೋ! ಗೂಟದ ಬೆಲೆ ನನಗೆ ಗೊತ್ತಿದೆ ಅಣ್ಣಾ. ನೀನು ಸಭೆಯಲ್ಲಿ ಯಾಕೆ ಎದ್ದು ನಿಂತೆ ಎಂಬುದೂ ಗೊತ್ತಿದೆ.

ಆದರೆ ತುಂಬಿದ ಕೊಡಕ್ಕೇ ಪೂಜೆ, ಖಾಲಿ ಕೊಡಕ್ಕೆ ಪೂಜೆ ಇಲ್ಲ ಎಂದು ಖಂಡೇ ಪೂಜೆಯ ದಿನ ಬಂದೂಕಿಗೂ ತೋಟಾ ತುಂಬಿ ಮಣೆಯ ಮೇಲೆ ನಿಲ್ಲಿಸುವುದು ಎಂಥ ಪದ್ಧತಿ? ಮೇಲಾಗಿ ಚೆಂಡು ಹೂವಿನ ಹಾರವನ್ನು ತಂದು ಬಂದೂಕಿನ ಕುದುರೆಗೇ, ಬೆರಳಿಟ್ಟು ಎಳೆಯುವ ಜಾಗಕ್ಕೇ, ಸುತ್ತುವುದು! ಅಪ್ಪ ಸುತ್ತುತ್ತಿದ್ದ, ನೀನೂ ಸುತ್ತಿದೆ. ಹಾರ ಜಾರಿತ್ತು. ಮಲ್ಲಿಕಾ ದೇವರ ಹೂವು ನೆಲಕ್ಕೆ ಬೀಳಬಾರದು ಎಂದು ಎತ್ತಿ ಎಳೆದಳು. ಅಷ್ಟೇ ಅವಳು ಮಾಡಿದ್ದು.

ನೀನು ಕೇಳಿದ್ದೀ, ಅದೆಷ್ಟು ಸಿಟ್ಟು ಎಂದು. ಹೇಳಿಬಿಡುತ್ತೇನೆ. ನನ್ನ ಸಿಟ್ಟು ಗುಂಡಿನ ಮೇಲೆ ಅಲ್ಲ, ಪದ್ಧತಿಯ ಮೇಲೂ ಅಲ್ಲ. ನನ್ನ ಮಗಳು ತಲೆತುಂಬ ಹೆಂಚಿನ ಪುಡಿ ಹಾಕಿಕೊಂಡು ಬಾಯಿ ತೆರೆದು ನಿಂತಿದ್ದಳು, ಅಳುವುದಕ್ಕೂ ಅವಳಿಗೆ ದನಿ ಬಂದಿರಲಿಲ್ಲ. ನೀನು ಅವಳ ಕಡೆ ಓಡಲಿಲ್ಲ. ಬಂದೂಕು ನೆಲಕ್ಕೆ ಬಿತ್ತು ಎಂದು ಅದರ ಕಡೆ ಓಡಿದೆ. ನಾನು ಕಣ್ಣಾರೆ ನೋಡಿದೆ. ಚಿಕ್ಕವಳಿದ್ದಾಗ ನಾನು ಬಾವಿಯ ಕಟ್ಟೆಯಿಂದ ಬಿದ್ದಾಗ ಕೈಲಿದ್ದ ಹೊಸ ಸೈಕಲ್ಲನ್ನು ಎಸೆದು ಓಡಿಬಂದ ಅಣ್ಣ ನೀನು. ಅವನು ಎಲ್ಲಿ ಹೋದ?

ಬಂದೂಕು ಗೋಡೆಯ ಮೇಲೆ ಇರುವವರೆಗೆ ನಾನು ಆ ಹೊಸ್ತಿಲು ದಾಟುವುದಿಲ್ಲ. ಅವ್ವನಿಗೆ ಮುಂದಿನ ಸಲ ಪಾಕ ಮೆತ್ತಗೆ ಮಾಡುತ್ತೇನೆ ಎಂದು ಹೇಳು.

ಪ್ರತಿಮಾ

*

ವಾಳಪೈ
೨ ಮಾರ್ಚ್ ೨೦೨೫

ಪ್ರತಿಮಾ,

ನಿನ್ನ ಕಾಗದ ಓದಿದೆ. ನೀನು ನೋಡಿದ್ದನ್ನು ನೀನು ನೋಡಿದ್ದೀ.

ಗೇರು ಈ ವರ್ಷ ಚಲೋ ಹೂ ಬಿಟ್ಟಿದೆ. ಮಂಗಗಳ ಕಾಟವೂ ಹಾಗೇ ಇದೆ. ನಾನು ಈ ಸಲ ಗುಡ್ಡಕ್ಕೆ ಬಂದೂಕು ಒಯ್ದಿಲ್ಲ, ಡಬ್ಬ ಬಡಿಯುತ್ತಿದ್ದೇನೆ. ಮಂಗಗಳು ಮರದ ಮೇಲೆ ಕುಳಿತು ನನ್ನನ್ನು ಅಣಕಿಸುತ್ತವೆ. ಪಕ್ಕದ ಗೇರುತೋಟದ ದೇವಲಪ್ಪ ನೋಡಿ ನಗುತ್ತಾನೆ, "ಏನ್ ಸಾವಕಾರ್ರ, ಬ್ಯಾಂಡ್ ಕಲಿಯಾಕತ್ತೀರೇನು?" ಎಂದು ಕೇಳುತ್ತಾನೆ. ನಗಲಿ ಬಿಡು.

ಗೂಟದ ಮೇಲೆ ಇರುವ ಬಂದೂಕು ಈಗ ಖಾಲಿ ಇದೆ. ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದೇನೆ. ಇಷ್ಟು ಸಾಲದೇ ನಿನಗೆ?

ಎರಡನೇ ಸಭೆಯೂ ಆಯಿತು. ಈ ಸಲ ಹೆಣ್ಣುಮಕ್ಕಳು ಬಂದಿದ್ದರು. ಸಾಹೇಬರಿಗೆ ಬಹಳ ಖುಷಿ, ಹೆಂಗಸರಾದರೂ ಒಪ್ಪುತ್ತಾರೆ ಎಂದು. ಆದರೆ ಗಂಡಸರಿಗಿಂತ ಅವರದೇ ಜೋರು. ದೇವಲಪ್ಪನ ಹೆಂಡತಿ ಚಾಂದಿಬಾಯಿ ಎದ್ದು ನಿಂತು, "ನನ್ನ ಗಂಡ ಗುಂಡಕಲ್ಲಿನಂಗ ಕುಂತಾನ, ಅಂವನ ಬಂದೂಕ ಪೆಟಗ್ಯಾಗ ಹಾಕಿ ನಾ ಯಾವ ಅಪಶಕುನ ತಂದಕೊಳ್ಳಲಿ?" ಅಂದಳು. ಪುಂಡಲೀಕ ಕಾಕಾನ ಹೆಂಡತಿಯೂ ಕೊಂಕಣಿಯಲ್ಲಿ ಅದನ್ನೇ ಅಂದಳು. ಸಾಹೇಬರು ಬೆವರು ಒರೆಸಿಕೊಂಡು ಹೋದರು. ಒಪ್ಪದಿದ್ದರೆ ಮುಂದಿನ ವರ್ಷ ಪರವಾನಗಿ ಮುಂದುವರಿಸುವುದು ಕಷ್ಟ ಎಂದಿದ್ದಾರೆ.

ಮಲ್ಲಿಕಾಗೆ ಶೇಂಗಾ ಚಿಕ್ಕಿ ಕಳಿಸಿದ್ದೇನೆ. ಮಾಮಾ ಕೊಟ್ಟದ್ದು ಎಂದು ಹೇಳಬೇಡ, ಹೇಳದಿದ್ದರೆ ತಿಂದಾಳು.

ಗುರುಪಾದ

*

ವಾಳಪೈ
೨೪ ಮಾರ್ಚ್ ೨೦೨೫

ಪ್ರತಿಮಾ,

ನಿನ್ನ ವೈನಿ ದ್ರಾಕ್ಷಾಯಿಣಿ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕಾಲಿನಂತಿದೆ ಎಂದು ನಗಬೇಡ. ಈ ಕಾಗದ ಬರೆದದ್ದು ನಿಮ್ಮಣ್ಣನಿಗೆ ಗೊತ್ತಿಲ್ಲ. ಗೊತ್ತಾಗಲೂ ಬಾರದು.

ಅವರು ನಿನ್ನ ಕಾಗದವನ್ನು ಗಲ್ಲೆಯಲ್ಲಿ ಇಟ್ಟಿದ್ದರು. ನಾನು ಓದಿದೆ. ತಪ್ಪೇ, ಬೈಯುವುದಾದರೆ ಬೈದುಬಿಡು. ಆದರೆ ಓದಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಅಂದು ನೀನು ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ನಾನು ಅಲ್ಲೇ ಇದ್ದೆ. ಬಂದೂಕು ಮಣೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅದರ ಬಾಯಿ ಮಲ್ಲಿಕಾಳ ಕಡೆಗೇ ಇತ್ತು, ಹಾರದ ದಾರ ಇನ್ನೂ ಅವಳ ಬೆರಳಿನಲ್ಲಿತ್ತು. ಅದು ಜೋಡುನಳಿಗೆಯ ಬಂದೂಕು, ನಿನಗೆ ಗೊತ್ತಲ್ಲ. ಹಾರಿದ್ದು ಒಂದೇ ನಳಿಗೆ. ಇನ್ನೊಂದರಲ್ಲಿ ತೋಟಾ ಹಾಗೇ ಇತ್ತು. ನಿಮ್ಮಣ್ಣ ಓಡಿ ಬಂದೂಕಿನ ಬಾಯನ್ನು ಮೊದಲು ಗೋಡೆಯ ಕಡೆ ತಿರುಗಿಸಿದರು. ದಾರ ಹರಿದರು, ನಳಿಗೆ ಮಡಚಿ ತೆರೆದು ತೋಟಾ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಅಷ್ಟರಲ್ಲಿ ನೀನು ಹೊರಗಿದ್ದೆ. ಆಮೇಲೆ ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಇದನ್ನು ಪ್ರತಿಮಾಗೆ ಯಾಕೆ ಹೇಳುವುದಿಲ್ಲ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ಹೇಳಿದ ಮಾತು ಹಾಗೇ ಬರೆಯುತ್ತೇನೆ. "ನಾ ಬಂದೂಕಿನ ಕಡೆ ಓಡಿದ್ನಿ ಅಂತ ಸಿಟ್ಟಾಗಿದ್ರ ಇರಲಿ ಬಿಡು. ಎರಡನೇದೂ ಇತ್ತು ಅಂತ ಗೊತ್ತಾದ್ರ ಆಕಿ ಮಗಳ ಮಾರಿ ನೋಡಿದಾಗೆಲ್ಲಾ ಅದ ಕಾಣತೈತಿ. ನನಗ ಕಾಣಾಕತ್ತೇತಲ್ಲ, ಸಾಕು." ಹೇಳಬಾರದಿತ್ತೇನೋ. ಆದರೆ ತಂಗಿಯ ಕಣ್ಣಲ್ಲಿ ಅವರು ಹೀಗೆ ಸಣ್ಣವರಾಗಿ ಉಳಿಯುವುದು ನನಗೆ ಸಹಿಸಲಾಗುತ್ತಿಲ್ಲ.

ಇನ್ನೊಂದು. ಸಭೆಯಲ್ಲಿ ಹಾಗೆ ಮಾತಾಡಿದರೂ ಫೆಬ್ರುವರಿಯಲ್ಲಿ ನಿನ್ನ ಕಾಗದ ಬಂದ ಮೇಲೆ ಅವರು ಫೋಂಡಾಕ್ಕೆ ಹೋಗಿ ಉಕ್ಕಿನ ಕಪಾಟು ತಂದಿದ್ದಾರೆ. ಅದು ಅಂಗಡಿಯಲ್ಲಿ ಅಕ್ಕಿ ಚೀಲಗಳ ಹಿಂದೆ ನಿಂತಿದೆ. ಮನೆಯೊಳಗೆ ತರಲು ಬಿಡದವಳು ನಾನು. ಮಾವನವರು ಹೋದ ದಿನ ಆ ಕೀಲಿಯ ಸಪ್ಪಳ ನಾನೂ ಕೇಳಿದ್ದೇನೆ. ನನ್ನ ಕುಂಕುಮದ ಮಾತು ಇದು ಪ್ರತಿಮಾ, ನನಗೆ ಅಂಜಿಕೆಯಾಗುತ್ತದೆ. ನೀನು ಓದಿದವಳು, ನನ್ನನ್ನು ಮೂಢೆ ಎಂದುಕೋ. ಅವರು ನನ್ನ ಹೆಸರು ಹೇಳದೆ ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡಿದ್ದಾರೆ.

ಕಾಗದ ಓದಿ ಒಲೆಗೆ ಹಾಕು.

ನಿನ್ನ ವೈನಿ
ದ್ರಾಕ್ಷಾಯಿಣಿ

*

ಕುಡಚಡೆ
೨೦ ಏಪ್ರಿಲ್ ೨೦೨೫

ಅಣ್ಣಾ,

ಬರೆಯಲು ತಡವಾಯಿತು. ಮೈಯಲ್ಲಿ ಆರಾಮ ಇರಲಿಲ್ಲ. ಈಗ ಚಲೋ ಇದ್ದೇನೆ.

ನನ್ನ ಫೆಬ್ರುವರಿಯ ಕಾಗದ ಇನ್ನೂ ಇಟ್ಟಿದ್ದರೆ ಅದರಲ್ಲಿ ಒಂದು ಮಾತನ್ನು ಗೀಚಿ ಹಾಕಿಬಿಡು. ಯಾವ ಮಾತು ಎಂದು ನಾನು ಹೇಳುವುದಿಲ್ಲ, ನೀನೂ ಕೇಳಬೇಡ. ಇವರು ನನಗೆ ಏನಾಗಿದೆ ಎಂದು ದಿನಾ ಕೇಳುತ್ತಾರೆ. ಮಗಳಿಗೆ ಎಣ್ಣೆ ಹಚ್ಚುತ್ತಾ ಕುಳಿತವಳು ಇದ್ದಕ್ಕಿದ್ದಂತೆ ಅವಳನ್ನು ಅಪ್ಪಿಕೊಂಡುಬಿಡುತ್ತೇನೆ. "ಬಿಡವ್ವಾ, ಉಸಿರು ಕಟ್ಟತೈತಿ" ಎಂದು ಅವಳು ಕೊಸರಿಕೊಳ್ಳುತ್ತಾಳೆ.

ಚಿಕ್ಕಿಯನ್ನು ಮಾಮಾ ಕಳಿಸಿದ್ದು ಎಂದು ಹೇಳಿಯೇ ಕೊಟ್ಟೆ. ಪೂರಾ ತಿಂದಳು.

ಬಿಸಿಲಿಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ, ಹಳೆಯದೆಲ್ಲ ನೆನಪಾಗುತ್ತದೆ. ನಮ್ಮ ಮನೆಗೆ ಮೊದಲ ರೇಡಿಯೋ ಬಂದದ್ದು ನೆನಪಿದೆಯೇ? ಅಪ್ಪ ಅದನ್ನು ತಲೆಯ ಮೇಲೆ ಹೊತ್ತು ಹೊಸ್ತಿಲ ಹೊರಗೆ ನಿಂತೇ ಇದ್ದ. ನಾನು ಶಾಲೆಯಿಂದ ಬರುವವರೆಗೆ ಒಳಗೆ ತರಲಿಲ್ಲ. "ಹೊಸಾದು ಏನ ಬಂದ್ರೂ ಮನಿಮಗಳು ಆರತಿ ಹಿಡಿದ ಒಳಗ ಕರಕೋಬೇಕು" ಎನ್ನುತ್ತಿದ್ದ. ನಾನು ಆರತಿ ಬೆಳಗಿ, ಬಾಗಿಲು ತಡೆದು, ಬಳೆ ಕೊಡಿಸುವವರೆಗೆ ಬಿಡುವುದಿಲ್ಲ ಎಂದು ಹಟ ಹಿಡಿಯುತ್ತಿದ್ದೆ. ತಕ್ಕಡಿ ಬಂದಾಗ ಕೆಂಪು ಬಳೆ, ಹೊಲಿಗೆ ಮಷಿನ್ ಬಂದಾಗ ಹಸಿರು ಬಳೆ. ವೈನಿ ಮದುವೆಯಾಗಿ ಬಂದಾಗ ಎಷ್ಟು ಹೊತ್ತು ಬಾಗಿಲು ತಡೆದು ನಿಲ್ಲಿಸಿದ್ದೆ! ನೀನು ಸಿಟ್ಟಿನಿಂದ ಕಣ್ಣು ಬಿಡುತ್ತಿದ್ದೆ, ವೈನಿ ಸೆರಗಿನೊಳಗೆ ನಗುತ್ತಿದ್ದಳು.

ಬಂದೂಕು ಮಾತ್ರ ನಾನು ಹುಟ್ಟುವ ಮೊದಲೇ ಬಂದಿತ್ತು. ಅದಕ್ಕೆ ಯಾರೂ ಆರತಿ ಮಾಡಿರಲಿಲ್ಲ. ಸುಮ್ಮನೆ ನೆನಪಾಯಿತು, ಬರೆದೆ.

ಕಪಾಟಿನ ವಿಷಯದಲ್ಲಿ ನನ್ನ ಮಾತು ಮಾತ್ರ ಬದಲಾಗಿಲ್ಲ. ಮಲ್ಲಿಕಾಳನ್ನು ಗೋಡೆಯ ಮೇಲಿನ ಬಂದೂಕಿನ ಕೆಳಗೆ ನಾನು ಮಲಗಿಸಲಾರೆ. ಖಾಲಿ ಇದ್ದರೂ ಆಗುವುದಿಲ್ಲ. ಇದನ್ನು ಸಿಟ್ಟು ಎಂದುಕೊಳ್ಳಬೇಡ.

ನಿನ್ನ
ಪ್ರತಿಮಾ

*

ವಾಳಪೈ
೧೫ ಜೂನ್ ೨೦೨೫

ಪ್ರತಿಮಾ,

ಯಾವ ಗಾಳಿ ಬೀಸಿತೋ ನಿನ್ನ ಕಡೆ! ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಗೀಚಿ ಹಾಕು ಅಂದದ್ದನ್ನು ಬಿಟ್ಟು. ರೇಡಿಯೋದ ಸುದ್ದಿಗೆ ಬಂದಾಗ ಅವ್ವ ಒಂದು ಸಲ ನಕ್ಕಳು. ಬಾಗಿಲು ತಡೆದ ಸುದ್ದಿಗೆ ಕಣ್ಣು ಒರೆಸಿಕೊಂಡಳು. ಆಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕುಳಿತಳು. ಆ ಕುಟ್ಟುವ ಸದ್ದು ನನಗೆ ಗೊತ್ತು, ಅದರ ಹಿಂದೆಯೇ ಏನೋ ಒಂದು ತೀರ್ಪು ಬರುತ್ತದೆ.

"ದ್ರಾಕ್ಷಾಯಿಣೀ, ಬಾ ಇಲ್ಲಿ" ಅಂದಳು. "ಹೊಸ ಸೊಸಿ ಮನಿಗೆ ಬಂದ್ರ ಖೋಲಿ ಬಾಗಲಾ ಹಾಕೂದಿಲ್ಲೇನು? ಅದು ಅಪಶಕುನ ಏನು? ಸತ್ತಾಗ ಧೋತರ ಸುತ್ತಿ ಒಳಗ ಹಾಕಿದ್ರ ಅದು ಸಾವು. ಉಡಿ ತುಂಬಿ, ಆರತಿ ಮಾಡಿ, ಹೊಸ ಮನಿ ಹೊಗಿಸಿದ್ರ ಅದು ಮದಿವಿ. ಬಂದೂಕಕ್ಕ ಹೊಸ ಮನಿ ಬಂದೇತಿ, ಹೊಗಸೂಣು" ಅಂದಳು. ನಿನ್ನ ವೈನಿ ನನ್ನ ಮುಖ ನೋಡಿದಳು, ನಾನು ಮಾಡು ನೋಡಿದೆ. ಕಪಾಟು ಅಂಗಡಿಯಲ್ಲಿದೆ ಎಂದು ಅವ್ವನಿಗೆ ಯಾರು ಹೇಳಿದರೋ ದೇವರೇ ಬಲ್ಲ. ನಿನಗೂ ಈಗ ಹೇಳಿದ ಹಾಗಾಯಿತು, ಕಪಾಟು ತಂದಿದ್ದೇನೆ.

ನಿನ್ನ ವೈನಿ ಎರಡು ದಿನ ಯೋಚಿಸಿದಳು. ಮೂರನೇ ದಿನ, "ಪ್ರತಿಮಾ ಬಂದು ತನ್ನ ಕೈಯಾರೆ ಆರತಿ ಹಿಡಿದ್ರ ನನಗ ಅಂಜಿಕಿ ಇಲ್ರಿ" ಅಂದಳು. ಅವ್ವನೂ ಹಟ ಹಿಡಿದಿದ್ದಾಳೆ. ಬೇರೆ ಯಾರೂ ಆಗುವುದಿಲ್ಲವಂತೆ, ಮನೆಮಗಳೇ ಬೇಕಂತೆ.

ಈಗ ನನ್ನ ಪರಿಸ್ಥಿತಿ ನೋಡು. ನೀನು ಬರದೆ ಬಂದೂಕು ಕಪಾಟಿಗೆ ಹೋಗುವುದಿಲ್ಲ. ಬಂದೂಕು ಕಪಾಟಿಗೆ ಹೋಗದೆ ನೀನು ಬರುವುದಿಲ್ಲ. ನಿಮ್ಮೆಲ್ಲರ ನಡುವೆ ನಾನೊಬ್ಬ ಎಲ್ಲಿಗೆ ಹೋಗಲಿ? ಸುದ್ದಿ ಹೇಗೋ ವಾಡೆಗೆಲ್ಲ ಹರಡಿದೆ. ಬಜಾರಿನಲ್ಲಿ ಜನ ನಿಲ್ಲಿಸಿ ಕೇಳುತ್ತಾರೆ, "ಸಾವಕಾರ, ಬಂದೂಕಿನ ಮದಿವಿ ಯಾವಾಗ?" ನೀವು ಮೊದಲು ಮಾಡಿ, ನೋಡಿ ನಾವೂ ಮಾಡುತ್ತೇವೆ ಎಂದು ಪುಂಡಲೀಕ ಕಾಕಾ ಹೇಳಿದ್ದಾನೆ. ನಾನು ಬಿದ್ದರೆ ಎಲ್ಲರೂ ಹಿಂದೆ ಸರಿಯುತ್ತಾರೆ.

ಪಂಚಮಿ ಬರುತ್ತಿದೆ. ಪಂಚಮಿಗೆ ಅಣ್ಣ ಹೋಗಿ ಕರೆಯದಿದ್ದರೆ ತಂಗಿ ಬರುವುದಿಲ್ಲ. ಅಪ್ಪ ಅತ್ತೆಯನ್ನು ಕರೆಯಲು ಮಳೆಯಲ್ಲಿ ಘಟ್ಟ ಹತ್ತಿ ಹೋಗುತ್ತಿದ್ದನಲ್ಲ, ನಾನೂ ಬರುತ್ತೇನೆ. ಬಂದರೆ ನಿನ್ನ ಬಾಗಿಲು ತೆರೆಯುತ್ತೀಯೋ ಇಲ್ಲವೋ, ಅದನ್ನಷ್ಟು ಬರೆ. ನನಗೆ ನಿನ್ನನ್ನು ನೋಡಬೇಕಾಗಿದೆ ಪ್ರತಿಮಾ.

ನಿನ್ನ ಅಣ್ಣ
ಗುರುಪಾದ

*

ಕುಡಚಡೆ
೬ ಜುಲೈ ೨೦೨೫

ಅಣ್ಣಾ,

ಬಾಗಿಲು ತೆರೆಯುತ್ತೇನೆಯೇ ಎಂದು ಕೇಳಲು ನಿನಗೆ ಬಾಯಾದರೂ ಹೇಗೆ ಬಂತು? ಬಾ. ಬರುವಾಗ ಅವ್ವನ ಕೈಯ ಕೆಂಪು ಖಾರ ತಾ, ನನ್ನದು ಮುಗಿದಿದೆ.

ನಾನು ನಿನ್ನ ಜೊತೆ ಅಂಗಳದವರೆಗೆ ಬರುತ್ತೇನೆ. ಹೊಸ್ತಿಲು ದಾಟುವುದಿಲ್ಲ. ಮಲ್ಲಿಕಾ ಮತ್ತು ಇವರು ಪುಂಡಲೀಕ ಕಾಕಾನ ಮನೆಯಲ್ಲಿ ಕುಳಿತಿರುತ್ತಾರೆ. ನೀನು ಬಂದೂಕನ್ನು ಗೂಟದಿಂದ ಇಳಿಸಿ ಅಂಗಳಕ್ಕೆ ತಾ. ನಾನು ಅಲ್ಲೇ ನಿಂತು ಆರತಿ ಮಾಡುತ್ತೇನೆ. ಒಳಗೆ ಒಯ್ದು ಕೀಲಿ ಹಾಕಿ ಬಾ. ಆಮೇಲೆ ಮಗಳನ್ನು ಕರೆದುಕೊಂಡು ಒಳಗೆ ಬರುತ್ತೇನೆ. ಹೀಗಾದರೆ ಅವ್ವನ ಮಾತೂ ಉಳಿಯಿತು, ನನ್ನದೂ ಉಳಿಯಿತು.

ಖಂಡೇ ಪೂಜೆಗೆ ಈ ವರ್ಷದಿಂದ ಖಾಲಿ ಬಂದೂಕು, ಹಾರ ಕಪಾಟಿನ ಹಿಡಿಕೆಗೆ. ಇದನ್ನು ಎಲ್ಲರ ಎದುರು ಹೇಳಬೇಕು ನೀನು.

ವೈನಿಗೆ ನನ್ನ ಶರಣು ಹೇಳು. ಆಕೆಯ ಅಕ್ಷರ ಕೋಳಿ ಕಾಲಿನಂತೆ ಇಲ್ಲ ಎಂದೂ ಹೇಳು, ಆಕೆಗೆ ತಿಳಿಯುತ್ತದೆ.

ಪ್ರತಿಮಾ

*

ವಾಳಪೈ
೧೭ ಆಗಸ್ಟ್ ೨೦೨೫

ಪ್ರತಿಮಾ,

ಪಂಚಮಿಯ ಉಂಡಿಗಳು ಮುಗಿದವು. ನೀವು ಹೋದ ಮೇಲೆ ಮನೆ ಭಣಭಣ ಅನ್ನುತ್ತಿದೆ. ಅಂಗಳದ ಜೋಕಾಲಿಯನ್ನು ನಾನು ಇನ್ನೂ ಬಿಚ್ಚಿಲ್ಲ. ಮಳೆಗೆ ಹಗ್ಗ ಕೊಳೆಯುತ್ತದೆ ಎಂದು ನಿನ್ನ ವೈನಿ ದಿನಾ ಬೈಯುತ್ತಾಳೆ, ಕೊಳೆಯಲಿ ಎಂದು ಬಿಟ್ಟಿದ್ದೇನೆ.

ಮೊದಲು ಊರಿನ ಸುದ್ದಿ. ಚಾಂದಿಬಾಯಿಗೆ ಕಪಾಟು ಬೇಕಂತೆ. ಆಕೆಯ ಮಗಳು ಬಾಣಂತನ ಮುಗಿಸಿ ಹೋಗುವ ಮೊದಲೇ ಆರತಿ ಆಗಬೇಕಂತೆ, ದೇವಲಪ್ಪನ ತಲೆ ತಿನ್ನುತ್ತಿದ್ದಾಳೆ. ಗಾಂವಕಾರರ ಮನೆಗಳಲ್ಲಿ ಗಣೇಶ ಚವತಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರಲ್ಲ, ಆಗಲೇ ಮಾಡುತ್ತಾರಂತೆ. ನಾವು ಉಡಿ ತುಂಬುವುದು ಎನ್ನುತ್ತೇವೆ, ಅವರು ಓಟಿ ಎನ್ನುತ್ತಾರೆ, ಅಷ್ಟೇ. ಬರಲು ಆಗುವುದಿಲ್ಲ ಎಂದು ವರ್ಷಗಟ್ಟಲೆ ಹೇ‌ಳುತ್ತಿದ್ದ ಪುಂಡಲೀಕ ಕಾಕಾನ ಮುಂಬಯಿಯ ಮಗಳೂ ಬರುತ್ತಾಳಂತೆ. ತಾಲೂಕಿನ ಸಾಹೇಬರು ಮೊನ್ನೆ ಅಂಗಡಿಗೆ ಬಂದು, "ನೀವು ಹೇಗೆ ಒಪ್ಪಿಸಿದಿರಿ?" ಎಂದು ಕೇಳಿದರು. ನಮ್ಮ ಅವ್ವನನ್ನು ಕೇಳಿ ಎಂದೆ. ಅವ್ವ ಅವರಿಗೆ ಚಹಾ ಕೊಟ್ಟು, "ನಿಮಗ ಅಕ್ಕ ತಂಗ್ಯಾರು ಅದಾರೇನ್ರಿ?" ಎಂದು ಕೇಳಿದಳು. ಸಾಹೇಬರು ಹೂಂ ಎಂದು ಚಹಾ ಮುಗಿಸಿದರು.

ಈಗ ನಮ್ಮಿಬ್ಬರ ಮಾತು. ಎದುರಿಗೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಂದು ಅಂಗಳದಲ್ಲಿ ಇಡೀ ವಾಡೆ ಸೇರಿತ್ತು. ನಾನು ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದೆ. ನಿನ್ನ ಆರತಿಯ ದೀಪಕ್ಕೆ ಮಳೆಯ ಹನಿ ಬೀಳದಂತೆ ವೈನಿ ಸೆರಗು ಹಿಡಿದಿದ್ದಳು. ನೀನು ತಟ್ಟೆ ಎತ್ತಲಿಲ್ಲ. ನನ್ನನ್ನು ನೋಡಿ, "ಅಣ್ಣಾ, ಎರಡೂ ನಳಿಗಿ ತೋರಸು" ಅಂದೆ.

ಎರಡೂ ಎಂದು ನೀನು ಯಾಕೆ ಅಂದೆ ಎಂಬುದು ಅಲ್ಲಿದ್ದವರಲ್ಲಿ ನನಗೆ ಮತ್ತು ಇನ್ನೊಬ್ಬಳಿಗೆ ಮಾತ್ರ ಗೊತ್ತಾಯಿತು. ಆ ಇನ್ನೊಬ್ಬಳು ಸೆರಗಿನ ಕೆಳಗೆ ಮುಖ ಮುಚ್ಚಿಕೊಂಡಳು. ನಾನು ನಳಿಗೆ ಮಡಚಿ ತೆರೆದು ನಿನ್ನ ಕಣ್ಣಿನ ಮಟ್ಟಕ್ಕೆ ಹಿಡಿದೆ. ನೀನು ಒಂದರಲ್ಲಿ ನೋಡಿದೆ, ಇನ್ನೊಂದರಲ್ಲಿ ಬಹಳ ಹೊತ್ತು ನೋಡಿದೆ. ಎರಡರಲ್ಲೂ ಆ ಬದಿಯ ಬೆಳಕು ಬರುತ್ತಿತ್ತು. ಆಮೇಲೆ ನೀನು ನನ್ನ ಕೈಯ ಮೇಲೆ ಕೈ ಇಟ್ಟೆ. ಅಷ್ಟೇ ನೀನು ಮಾಡಿದ್ದು, ಆದರೆ ಹತ್ತು ತಿಂಗಳ ನಂತರ ನಾನು ಸರಿಯಾಗಿ ಉಸಿರಾಡಿದೆ. ಯಾರು ಹೇಳಿದರು ಎಂದು ನಾನು ನಿನ್ನನ್ನು ಕೇಳುವುದಿಲ್ಲ. ಅವಳನ್ನೂ ಕೇಳಿಲ್ಲ. ಕೇಳಿದರೆ ಬೈಯಬೇಕಾಗುತ್ತದೆ, ಬೈಯಲು ಮನಸ್ಸಿಲ್ಲ.

ಗೂಟವನ್ನು ಕೀಳಲಿಲ್ಲ. ಅಪ್ಪನ ಕೊಡೆಯನ್ನು ಅದಕ್ಕೆ ತೂಗುಹಾಕಿದ್ದೇನೆ.

ಇನ್ನೊಂದು ನಿನಗೆ ಗೊತ್ತಿಲ್ಲದ್ದು. ಮರುದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದೆ. ಮಲ್ಲಿಕಾ ಒಬ್ಬಳೇ ಕಪಾಟಿನ ಮುಂದೆ ಬಂದು ನಿಂತಳು. ನಾನು ಅಡಿಗೆ ಮನೆಯ ಬಾಗಿಲಲ್ಲಿ ಚಹಾ ಹಿಡಿದು ನಿಂತವನು ಮಿಸುಕಲಿಲ್ಲ. ಅವಳು ಹಿಡಿಕೆಯನ್ನು ಒಂದು ಕೈಯಲ್ಲಿ ಎಳೆದಳು. ಎರಡೂ ಕೈಯಲ್ಲಿ ಎಳೆದಳು. ಆಮೇಲೆ ಗೋಡೆಗೆ ಕಾಲು ಕೊಟ್ಟು, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ಎಳೆದಳು. ಬಾಗಿಲು ಅಲ್ಲಾಡಲಿಲ್ಲ.

ತಿರುಗಿ ನನ್ನನ್ನು ನೋಡಿದಳು. ದಸರೆಯಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಮಾಮಾ, ನೀ ಎಳಿ" ಅಂದಳು.

ನಾನು ಚಹಾ ಕೆಳಗಿಟ್ಟು ಹೋಗಿ ಎಳೆದೆ.

"ಹಂಗಲ್ಲ. ಜೋರಾಗಿ ಎಳಿ."

ಜೋರಾಗಿ ಎಳೆದೆ. ಸೊಂಟ ಹಿಡಿಯುವಷ್ಟು ಎಳೆದೆ. ಅವಳು ಬೋಲ್ಟುಗಳನ್ನು ಒಂದೊಂದಾಗಿ ನೋಡಿದಳು, ಕಪಾಟಿಗೆ ಕಿವಿ ಇಟ್ಟು ಕೇಳಿದಳು. "ಬರೂದಿಲ್ಲ ಅದು" ಅಂದಳು. "ಇಲ್ಲ ಪುಟ್ಟಿ, ಬರೂದಿಲ್ಲ" ಅಂದೆ. "ಹಂಗಾರ ನನಗ ಜೋಕಾಲಿ ತೂಗು ಬಾ" ಎಂದು ನನ್ನ ಬೆರಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು.

ನೀನು ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಅಣ್ಣಾ ಯಾಕೆ ಅಳುತ್ತೀ ಎಂದು ಕೇಳಿದೆಯಲ್ಲ, ಕಣ್ಣಿಗೆ ಏನೋ ಬಿತ್ತು ಎಂದು ನಾನು ಹೇಳಿದೆನಲ್ಲ, ಅದು ಇದಕ್ಕೇ.

ನಿನ್ನ ಅಣ್ಣ
ಗುರುಪಾದ